ಪ್ರತಿ: ‘ಏನು ಮಾಡ್ತೀರಿ?’ ಅಂದರೆ ಎಲ್ಲರೂ ಸುಮ್ಮನಾಗ್ತಾರೆ

ನಾಲ್ವರು ಸಹೋದ್ಯೋಗಿಗಳಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬರು ದೃಶ್ಯ ವರ್ಣಿಸಿ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಿ, ಆಗುತ್ತದೋ ಇಲ್ಲವೋ ಎಂದು ದಾಳ ಉರುಳಿಸಿ ನೋಡುವ ಕಥೆಯಾಟ) ಆಡಿಸಿದಾಗ ಯಾರೂ ಬಾಯಿಬಿಡಲಿಲ್ಲ, ವಯಸ್ಸಾದಂತೆ ಕಲ್ಪನೆ ಬತ್ತುತ್ತದೆಯೇ ಎಂದು ಕೇಳಿದ್ದೀರಿ. ಬತ್ತಿಲ್ಲ. ದೊಡ್ಡವರು ಸರಿಯುತ್ತರ ಹುಡುಕುತ್ತಾ ಕೂರುತ್ತಾರೆ, ಅಷ್ಟೇ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಹೊರತಂದ ಈ ಆಟದಲ್ಲಿ ಅಂಥ ಒಂದೇ ಉತ್ತರ ಇರುವುದಿಲ್ಲ. ಅದು ನಿಮ್ಮ ವರ್ಣನೆಯಿಂದಲೇ ಅವರಿಗೆ ಗೊತ್ತಾಗಬೇಕು.

“ಒಂದು ಕೋಣೆ ಇದೆ, ಏನು ಮಾಡ್ತೀರಿ?” ಎಂದರೆ ಹಿಡಿಯಲು ಏನೂ ಸಿಗುವುದಿಲ್ಲ. ಪ್ರತಿ ದೃಶ್ಯದಲ್ಲೂ ಕೈಗೆ ಸಿಗುವಂಥ ಮೂರು ವಸ್ತು ಇಡಿ: ಛಾವಣಿಯ ಸರಪಳಿ, ಸೋರುವ ಎಣ್ಣೆ ಪೀಪಾಯಿ, ಅರ್ಧ ತೆರೆದ ಕಿಟಕಿ. ಆಮೇಲೆ ಇಡೀ ಗುಂಪನ್ನು ಕೇಳಬೇಡಿ, ಒಬ್ಬೊಬ್ಬರನ್ನೇ ಪಾತ್ರದ ಹೆಸರು ಹಿಡಿದು ಕೇಳಿ.

ಹೆಚ್ಚು ಕೆಡುವುದು ದಾಳದ ಹತ್ತಿರ. ಮಧ್ಯಮ ಕಷ್ಟದ ಕೆಲಸ ಗೆಲ್ಲಲು ದಾಳದ ಸಂಖ್ಯೆ, ಪಾತ್ರದ ಕೌಶಲದ ಅಂಕ ಎರಡೂ ಸೇರಿ ಕನಿಷ್ಠ 15 ಆಗಬೇಕು. ಇಪ್ಪತ್ತು ಮುಖದ ದಾಳಕ್ಕೆ ಕೌಶಲದ 3 ಅಂಕ ಕೂಡಿಸಿಕೊಳ್ಳುವ ಆಟಗಾರ ಗೆಲ್ಲುವ ಸಾಧ್ಯತೆ ಶೇ. 45 ಮಾತ್ರ. ಸೋತಾಗ “ಆಗಲಿಲ್ಲ” ಎಂದು ನಿಲ್ಲಿಸಿದರೆ ಮುಂದೆ ಹೊಸದನ್ನು ಯತ್ನಿಸಲು ಅವರಿಗೆ ಧೈರ್ಯ ಬರುವುದಿಲ್ಲ. ಅದರ ಬದಲು, ಬೀಗ ತೆರೆಯಲು ಹೋಗಿ ಸೋತರೆ “ಬೀಗ ತೆರೆಯಿತು, ಆದರೆ ಸದ್ದಿಗೆ ಕಾವಲುಗಾರ ಎದ್ದ” ಎನ್ನಿ. ಜಾಣ ಉಪಾಯ ಹೇಳಿದವರಿಗೆ ಎರಡು ದಾಳ ಉರುಳಿಸಿ ದೊಡ್ಡದನ್ನು ಎಣಿಸಲು ಬಿಡಿ. ಅದೇ ಸಾಧ್ಯತೆ ಸುಮಾರು ಶೇ. 70ಕ್ಕೆ ಏರುತ್ತದೆ, ಉಪಾಯಗಳೂ ತಾವಾಗಿ ಬರತೊಡಗುತ್ತವೆ.

ಪಾತ್ರಗಳನ್ನು ನೀವೇ ಮೊದಲೇ ಬರೆದಿಡಿ, ಇಲ್ಲದಿದ್ದರೆ ಆ ಸಂಜೆ ಪೂರ್ತಿ ಪಾತ್ರಗಳ ಅಂಕದ ಲೆಕ್ಕದಲ್ಲೇ ಕಳೆಯುತ್ತದೆ. ಮೂರು ಗಂಟೆ ಸಾಕು. ದನಿ ಬದಲಿಸಿ ಮಾತಾಡಿ ಎಂಬ ಬಲವಂತವಂತೂ ಬೇಡವೇ ಬೇಡ (ಮುಜುಗರ ಶುರುವಾಗುವುದೇ ಅಲ್ಲಿ). “ನನ್ನ ಪಾತ್ರ ಅವನನ್ನು ಹೆದರಿಸುತ್ತೆ” ಎಂದರೂ ಅದು ಆಟವೇ. ನಿಯಮದ ಪದಗಳು ಇಂಗ್ಲಿಷಿನಲ್ಲಿರಲಿ, ವರ್ಣನೆ ಕನ್ನಡದಲ್ಲೇ ಮಾಡಿ.