ಬಣ್ಣ ಕಿತ್ತು ಬರುವ ಹೂದಾನಿ: ನೀವು ಕೇಳಿದ್ದು, ನಾನು ಹೇಳಿದ್ದು

ಪ್ರಶ್ನೆ: ಅಕ್ಕಾ, ನಮಸ್ಕಾರ. ಉಪ್ಪಿನಕಾಯಿ ಬಾಟಲಿ, ತುಪ್ಪದ ತಗಡಿನ ಡಬ್ಬಿ ಎಸೆಯಲು ಮನಸ್ಸಾಗದೆ ಐದಾರು ಹೂದಾನಿ ಮಾಡಿದೆ. ಬಾಟಲಿಗೆ ಅಕ್ರಿಲಿಕ್ ಬಣ್ಣ ಹಚ್ಚಿದೆ, ಡಬ್ಬಿಗೆ ಗುಳೇದಗುಡ್ಡದ ಖಣದ ತುಂಡು ಅಂಟಿಸಿದೆ. ಎರಡು ವಾರ ಚೆನ್ನಾಗಿದ್ದವು. ಆಮೇಲೆ ಬಣ್ಣ ಸಿಪ್ಪೆಯ ಹಾಗೆ ಕಿತ್ತು ಬಂತು, ಖಣ ತುದಿಯಲ್ಲಿ ಬಿಚ್ಚಿಕೊಂಡಿತು, ಡಬ್ಬಿಯೊಳಗೆ ತುಕ್ಕು ಹಿಡಿಯಿತು. ‘ಸುಮ್ನೆ ಕಸ ಯಾಕೆ ಕೂಡಿ ಹಾಕ್ತೀ’ ಅಂತಾರೆ ಅತ್ತೆ. ಎಲ್ಲಿ ತಪ್ಪಿದೆ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ತಂಗಿ, ನಿನ್ನ ಕೈ ತಪ್ಪಿಲ್ಲ, ಆತುರ ಆಗಿದೆ ಅಷ್ಟೇ. ಹೂದಾನಿ ಅಂದರೆ ಮೊದಲು ನೀರು ನಿಲ್ಲುವ ಪಾತ್ರೆ, ಅಲಂಕಾರ ಆಮೇಲಿನ ಮಾತು. ನಾವೆಲ್ಲ ಬಣ್ಣದಿಂದ ಶುರು ಮಾಡುತ್ತೇವೆ, ಅಲ್ವಾ?

ಉಪ್ಪಿನಕಾಯಿ ಬಾಟಲಿಯ ಎಣ್ಣೆ ಒಂದು ಸಲ ತೊಳೆದರೆ ಹೋಗುವುದಿಲ್ಲ. ಕಣ್ಣಿಗೆ ಕಾಣದಷ್ಟು ತೆಳುವಾಗಿ ಗಾಜಿಗೆ ಹತ್ತಿಕೊಂಡೇ ಇರುತ್ತದೆ. ಗಾಜು ಮೊದಲೇ ನುಣುಪು, ಅದರ ಮೇಲೆ ಎಣ್ಣೆ, ಅದರ ಮೇಲೆ ಬಣ್ಣ, ಹೇಗೆ ನಿಲ್ಲಬೇಕು ಹೇಳು. ಬಟ್ಟೆ ಸೋಡಾ ಹಾಕಿದ ಬಿಸಿನೀರಲ್ಲಿ ಬಾಟಲಿಯನ್ನು ಅರ್ಧ ಗಂಟೆ ನೆನೆಸಿಡು. ಚೀಟಿ ತಾನೇ ಸಡಿಲ ಆಗುತ್ತದೆ. ಅದರ ಅಂಟು ಉಳಿದರೆ ಅಡುಗೆ ಎಣ್ಣೆಗೆ ತಿನ್ನುವ ಸೋಡಾ ಕಲಸಿ ಉಜ್ಜು, ಮತ್ತೆ ಸೋಪಿನಿಂದ ತೊಳೆ. ಪೂರ್ತಿ ಒಣಗಿದ ಮೇಲೆ ಹತ್ತಿಗೆ ಸ್ಪಿರಿಟ್ ಹಾಕಿ ಹೊರಮೈ ಒರೆಸು. ಒರೆಸಿದ ಜಾಗವನ್ನು ಬೆರಳಿನಿಂದ ಮುಟ್ಟಬೇಡ, ನಮ್ಮ ಬೆರಳಲ್ಲೂ ಎಣ್ಣೆ ಇರುತ್ತದೆ.

ಇನ್ನು ಬಣ್ಣ. ಗಾಜಿಗೆ ಹತ್ತುವ ಪ್ರೈಮರ್ ಕೇಳಿ ತಂದು ಮೊದಲು ಅದನ್ನು ಹಚ್ಚು. ಬಣ್ಣವನ್ನು ಒಂದೇ ಸಲ ದಪ್ಪಗೆ ಹಚ್ಚಬೇಡ. ತೆಳ್ಳಗೆ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ. ಕೊನೆಗೆ ಒಂದು ಕೈ ವಾರ್ನಿಶ್. ಇಷ್ಟೆಲ್ಲ ಮಾಡಿದರೂ ಬಣ್ಣ ಹಚ್ಚಿದ ಬಾಟಲಿಯನ್ನು ಪಾತ್ರೆಗಳ ಜೊತೆ ನೀರಲ್ಲಿ ಮುಳುಗಿಸಿ ಇಡಬೇಡ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಡಬ್ಬಿಯ ಕಥೆ ಬೇರೆ. ಅದು ಉಕ್ಕಿನ ತಗಡು, ತುಕ್ಕು ಹಿಡಿಯದಿರಲಿ ಅಂತ ಮೇಲೆ ತೆಳುವಾದ ಲೇಪ ಇರುತ್ತದೆ. ಒಳಗೆ ಒಂದು ಗೀರು ಬಿದ್ದರೂ ಸಾಕು, ನೀರು ತಾಗಿ ಅಲ್ಲಿಂದ ತುಕ್ಕು ಶುರು. ಹಾಗಾಗಿ ಡಬ್ಬಿಗೆ ನೇರವಾಗಿ ನೀರು ಹಾಕಲೇಬೇಡ. ಒಳಗೆ ಒಂದು ಹಳೆಯ ಸ್ಟೀಲ್ ಲೋಟವನ್ನೋ ಕತ್ತರಿಸಿದ ನೀರಿನ ಬಾಟಲಿಯನ್ನೋ ಇಟ್ಟು ಅದರಲ್ಲಿ ನೀರು ಹಾಕು. ಸುತ್ತಲಿನ ಸಂದಿಗೆ ಒಣ ಮರಳು ತುಂಬಿದರೆ ಭಾರ ಬರುತ್ತದೆ, ಉದ್ದ ದಂಟಿನ ಸುಗಂಧರಾಜ ಇಟ್ಟರೂ ಗಾಳಿಗೆ ಬೀಳುವುದಿಲ್ಲ. ಬಾಯಿಯ ಅಂಚು ಚೂಪಾಗಿದ್ದರೆ ಇಕ್ಕಳದಿಂದ ಒಳಗೆ ಮಡಚಿ ಒತ್ತು, ಮಕ್ಕಳ ಕೈ ಕೊಯ್ಯಬಾರದು.

ಖಣವನ್ನು ದಯವಿಟ್ಟು ಅಂಟಿಸಬೇಡ. ನಾನೂ ಒಮ್ಮೆ ಅಂಟಿಸಿ ಕೆಡಿಸಿದ್ದೇನೆ. ಬಡಗಿಗಳು ಬಳಸುವ ಬಿಳಿ ಗಮ್ ನೀರು ತಾಗಿದರೆ ಮೆತ್ತಗಾಗುತ್ತದೆ, ಬಟ್ಟೆಯ ಮೇಲೆ ಕಲೆಯೂ ಉಳಿಯುತ್ತದೆ. ಯಾರೋ ಮಗ್ಗದಲ್ಲಿ ಕೂತು ನೇಯ್ದ ಖಣ ಅದು, ಅಂಚು ಬಿಚ್ಚಿ ಜೋತಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದರ ಬದಲು ಡಬ್ಬಿಗೆ ಒಂದು ಗವಸಣಿಗೆ ಹೊಲಿ. ಡಬ್ಬಿಯ ಸುತ್ತಳತೆಗೆ 1 ಇಂಚು, ಎತ್ತರಕ್ಕೆ 2 ಇಂಚು ಜಾಸ್ತಿ ಬಟ್ಟೆ ತೆಗೆದುಕೋ, ಮೇಲೆ ಲಾಡಿ ಹಾಕು. ಕುಪ್ಪಸ ಹೊಲಿದು ಉಳಿದ ತುಂಡುಗಳನ್ನು ಜೋಡಿಸಿದರೂ ಆಗುತ್ತದೆ. ಕೊಳೆಯಾದಾಗ ಬಿಚ್ಚಿ ಒಗೆಯಬಹುದು, ಹಬ್ಬಕ್ಕೊಂದು ಬಣ್ಣ ಬದಲಿಸಬಹುದು. ಹೊಲಿಯುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಖಣವನ್ನು ಒಮ್ಮೆ ಉಜ್ಜಿ ನೋಡು, ಬಣ್ಣ ಬಿಡುತ್ತದೋ ಇಲ್ಲವೋ ಗೊತ್ತಾಗುತ್ತದೆ. ಮೊದಲನೆಯದನ್ನು ಅತ್ತೆಯವರಿಗೇ ಕೊಡು, ದೇವರ ಮನೆಯಲ್ಲಿ ಇಡಲಿ.

ಬೋರ್‌ವೆಲ್ ನೀರು ಹಾಕುವವರಾದರೆ ಬಣ್ಣ ಹಚ್ಚದ ಗಾಜಿನೊಳಗೆ ಬಿಳಿ ಪೊರೆ ಕಟ್ಟುತ್ತದೆ. ಹುಣಸೆಹಣ್ಣಿನ ನೀರು ತುಂಬಿ ರಾತ್ರಿಯಿಡೀ ಬಿಡು. ಬಾಯಿ ಸಣ್ಣದಿದ್ದರೆ ಒಂದು ಹಿಡಿ ಅಕ್ಕಿ, ಸ್ವಲ್ಪ ಉಪ್ಪು ಮತ್ತು ನೀರು ಹಾಕಿ ಕುಲುಕು.

ಪ್ರಶ್ನೆ: ನಮ್ಮದು ದ್ರಾಕ್ಷಿ ತೋಟ. ಔಷಧ ಹೊಡೆದು ಖಾಲಿಯಾದ ಬಾಟಲಿಗಳು ಗಟ್ಟಿ ಇವೆ, ಆಕಾರವೂ ಚೆಂದ. ಚೆನ್ನಾಗಿ ತೊಳೆದು ಹೂದಾನಿ ಮಾಡಬಹುದಾ? ಒಣ ಹೂವು ಮಾತ್ರ ಇಡುತ್ತೇವೆ.
– ಯುವ ಓದುಗರು, ವಿಜಯಪುರ ಜಿಲ್ಲೆ

ಉತ್ತರ: ಬೇಡ ತಮ್ಮಾ. ಒಣ ಹೂವಿಗೂ ಬೇಡ. ಆ ಬಾಟಲಿಯ ಮೇಲಿನ ಬಣ್ಣದ ಗುರುತು ನೋಡು. ಕೆಂಪು ಅಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರಿದ್ದರೂ ಮನೆಯೊಳಗೆ ತರುವ ವಸ್ತು ಅಲ್ಲ ಅದು. ಎಷ್ಟು ತೊಳೆದರೂ ಮುಚ್ಚಳದ ತಿರುಪಿನಲ್ಲಿ ಔಷಧ ಉಳಿದಿರಬಹುದು. ಇವತ್ತು ನಿನಗೆ ಅದು ಏನೆಂದು ಗೊತ್ತು, ಬಣ್ಣ ಹಚ್ಚಿ ಚೀಟಿ ಕಿತ್ತ ಮೇಲೆ ನಾಳೆ ಮನೆಗೆ ಬರುವ ಮಗುವಿಗೆ ಹೇಗೆ ಗೊತ್ತಾಗಬೇಕು? ಖಾಲಿಯಾದ ತಕ್ಷಣ ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿದು, ಬಾಟಲಿಗೆ ತೂತು ಹಾಕಿಬಿಡು, ಮತ್ತೆ ಯಾರೂ ಬಳಸದಂತೆ. ಆಸಿಡ್, ಫಿನಾಯಿಲ್ ಬಾಟಲಿಗಳೂ ಬೇಡ.

ನಿನ್ನ ಒಣ ಹೂವಿನ ಯೋಚನೆ ಮಾತ್ರ ನನಗೆ ತುಂಬಾ ಹಿಡಿಸಿತು. ಜೋಳದ ತೆನೆ, ಒಡೆದ ಹತ್ತಿಕಾಯಿ, ಕುಸುಬಿ ಹೂವು, ಇವೆಲ್ಲ ನಿಮ್ಮ ಸುತ್ತಲಿನ ಹೊಲದಲ್ಲೇ ಸಿಗುತ್ತವೆ. ಕಟ್ಟು ಕಟ್ಟಿ, ತಲೆಕೆಳಗಾಗಿ, ಗಾಳಿ ಆಡುವ ನೆರಳಿನಲ್ಲಿ ಎರಡು ಮೂರು ವಾರ ನೇತುಹಾಕು. ಕುಸುಬಿಗೆ ಮುಳ್ಳು ಇದೆ, ಕೈ ಜೋಪಾನ. ಮನೆಯಲ್ಲಿ ಖಾಲಿಯಾದ ಅಡುಗೆ ಎಣ್ಣೆಯ ಡಬ್ಬಿ ಇದಕ್ಕೆ ಸಾಕು.

ಪ್ರಶ್ನೆ: ಬಾಟಲಿಗೆ ಸೆಣಬಿನ ಹುರಿ ಸುತ್ತಿ ಹೂದಾನಿ ಮಾಡಿದ್ದೇನೆ. ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಸೊಳ್ಳೆ ಬರುತ್ತದೆ ಅಂತ ಮನೆಯಲ್ಲಿ ನೀರು ಹಾಕಲೂ ಬಿಡುವುದಿಲ್ಲ.
– ನಿವೃತ್ತ ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಕಾಕಾ, ಬೆಳಗಾವಿಯ ಮಳೆಗೆ ಸೆಣಬು ತಾಳುವುದಿಲ್ಲ. ಹುರಿಯನ್ನು ತಳದಿಂದ ಒಂದು ಇಂಚು, ಬಾಯಿಯಿಂದ ಒಂದು ಇಂಚು ಬಿಟ್ಟು ಸುತ್ತಿ, ನೀರು ಅಲ್ಲೇ ಜಾಸ್ತಿ ತಾಗುವುದು. ಮಳೆಗಾಲದ ಮಟ್ಟಿಗೆ ಬರಿ ಗಾಜಿನ ಬಾಟಲಿಯೇ ಒಳ್ಳೆಯದು.

ಸೊಳ್ಳೆಯ ವಿಷಯದಲ್ಲಿ ಮನೆಯವರು ಹೇಳುವುದು ಸರಿ. ಡೆಂಗಿ ಹರಡುವ ಸೊಳ್ಳೆಗೆ ಹೂದಾನಿಯ ಸ್ವಚ್ಛ ನೀರೇ ಬೇಕು, ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದರೆ ಅದಕ್ಕಾಗಿ ಹೂವು ಬಿಡಬೇಕಿಲ್ಲ. ದಿನಕ್ಕೊಮ್ಮೆ ಅಥವಾ ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ನೀರಿಗೆ ಮುಳುಗುವ ಎಲೆಗಳನ್ನು ಕಿತ್ತುಹಾಕಿ, ದಂಟಿನ ತುದಿಯನ್ನು ಓರೆಯಾಗಿ ಸ್ವಲ್ಪ ಕತ್ತರಿಸಿ. ಹೂವೂ ಜಾಸ್ತಿ ದಿನ ಬಾಳುತ್ತದೆ. ವಾರಕ್ಕೊಮ್ಮೆ ಬಾಟಲಿಯ ಒಳಗೋಡೆಯನ್ನು ಬ್ರಷ್ ಹಾಕಿ ಉಜ್ಜಲೇಬೇಕು. ನೀರು ಚೆಲ್ಲಿದರೂ ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತಾಗಿದಾಗ ಒಡೆಯುತ್ತದೆ.