ಎಚ್ಚರಿಕೆಯಲ್ಲಿ ಬರುವ 10124 ಸ್ವಿಚ್ಚಿನ ಯಾವ ಪೋರ್ಟ್?

ಕಾರವಾರದ ಕಚೇರಿಯಲ್ಲಿ ‘ಇಂಟರ್‌ಫೇಸ್ 10124 ಡೌನ್’ ಎಂಬ ಎಚ್ಚರಿಕೆ ಬರುತ್ತದೆ, ರ‍್ಯಾಕ್ ತೆರೆದು ನೋಡಿದರೆ ಕಂಪ್ಯೂಟರುಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನ ಮೇಲಿರುವುದು 1ರಿಂದ 48ರವರೆಗಿನ ಸಂಖ್ಯೆಗಳು ಮಾತ್ರ, ಯಾವ ಕೇಬಲ್ ಹಿಡಿಯಲಿ ಎಂದು ಕೇಳಿದ್ದೀರಿ. ನಾನು ಶಿರಸಿಯ ಒಂದು ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಇದು ನಮಗೂ ನಿತ್ಯದ ಕೆಲಸ.

ಅದು ಪೋರ್ಟ್ ಸಂಖ್ಯೆಯಲ್ಲ, ಐಎಫ್‌ಇಂಡೆಕ್ಸ್. ವಿಎಲ್ಎಎನ್‌ಗಳೂ (ತಂತ್ರಾಂಶದಲ್ಲೇ ಬೇರ್ಪಡಿಸಿದ ಉಪಜಾಲಗಳು) ಸೇರಿದಂತೆ ತನ್ನ ಎಲ್ಲ ಇಂಟರ್‌ಫೇಸ್‌ಗಳಿಗೆ ಸ್ವಿಚ್ ತಾನೇ ಕೊಟ್ಟುಕೊಳ್ಳುವ ಆಂತರಿಕ ಸಂಖ್ಯೆ. ಸಿಸ್ಕೋ 3750 ಮಾದರಿಯಲ್ಲಿ 10101 ಮೊದಲ ಗಿಗಾಬಿಟ್ ಪೋರ್ಟ್, ಹಾಗಾಗಿ 10124 ಎಂದರೆ 24ನೆಯದು. ಸ್ಟ್ಯಾಕಿನ (ಒಂದೇ ಸ್ವಿಚ್ಚಿನಂತೆ ಕೆಲಸ ಮಾಡಲು ಜೋಡಿಸಿದ ಗುಂಪಿನ) ಎರಡನೆಯ ಸ್ವಿಚ್ 10601ರಿಂದ ಶುರುವಾಗುತ್ತದೆ. ಬೇರೆ ತಯಾರಕರ ಲೆಕ್ಕವೇ ಬೇರೆ, ಆದ್ದರಿಂದ ಇದನ್ನು ಬಾಯಿಪಾಠ ಮಾಡುವುದು ವ್ಯರ್ಥ. ಅಲ್ಲದೆ ಕೆಲವು ಉಪಕರಣಗಳಲ್ಲಿ ಮರುಚಾಲನೆಯ ನಂತರ ಈ ಸಂಖ್ಯೆ ಬದಲಾಗುತ್ತದೆ. ಮಾನದಂಡವೇ ಅದಕ್ಕೆ ಅವಕಾಶ ಕೊಟ್ಟಿದೆ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ವಿದ್ಯುತ್ ಹೇಗೆಂದು ನಿಮಗೆ ಹೇಳಬೇಕಾಗಿಲ್ಲ. ಸಿಸ್ಕೋದಲ್ಲಿ ಇಂಡೆಕ್ಸ್ ಸ್ಥಿರವಾಗಿಡುವ ಆದೇಶವಿದೆ, ಹಾಕಿಬಿಡಿ.

ಸ್ವಿಚ್ಚನ್ನೇ ಕೇಳುವುದು ಸರಿಯಾದ ದಾರಿ. ಎಸ್ಎನ್ಎಂಪಿ (ನೆಟ್‌ವರ್ಕ್ ಉಪಕರಣಗಳನ್ನು ದೂರದಿಂದಲೇ ಕೇಳಿ ತಿಳಿಯುವ ವಿಧಾನ) ಮೂಲಕ 1.3.6.1.2.1.31.1.1.1.1.10124 ಕೇಳಿದರೆ ಇಂಟರ್‌ಫೇಸಿನ ಹೆಸರು ಬರುತ್ತದೆ: ಜಿಐ1/0/24. ಮೊದಲ ಅಂಕಿ ಸ್ಟ್ಯಾಕಿನಲ್ಲಿ ಎಷ್ಟನೆಯ ಸ್ವಿಚ್ ಎಂಬುದು, ನಡುವಿನದು ಮಾಡ್ಯೂಲ್, ಕೊನೆಯದು ನಿಮ್ಮ ಕಣ್ಣಿಗೆ ಕಾಣುವ ಪೋರ್ಟ್. ಕೊನೆಯ 1.10124ರ ಬದಲು 18.10124 ಹಾಕಿದರೆ ಐಎಫ್‌ಅಲಿಯಾಸ್, ಅಂದರೆ ಪೋರ್ಟಿಗೆ ನೀವು ಬರೆದ ವಿವರಣೆ. ನಿಗಾ ತಂತ್ರಾಂಶದ ಎಚ್ಚರಿಕೆಯಲ್ಲಿ ಇವೆರಡನ್ನೂ ಸೇರಿಸಿ. ಬರಿಯ ಇಂಡೆಕ್ಸ್ ಕಳುಹಿಸುವ ಎಚ್ಚರಿಕೆ ನನ್ನ ಪ್ರಕಾರ ಅರ್ಧ ಎಚ್ಚರಿಕೆ.

ನಿಜವಾದ ಕಷ್ಟ ಪೋರ್ಟಿನಿಂದ ಗೋಡೆಯವರೆಗೆ. ಕರಾವಳಿಯ ತೇವಕ್ಕೆ ಗೋಡೆಯ ಸಾಕೆಟ್ಟುಗಳ ಕೇಬಲ್‌ಗಳು ಬಂದು ಸೇರುವ ಪ್ಯಾಚ್ ಪ್ಯಾನೆಲ್ಲಿನ ಕಾಗದದ ಚೀಟಿಗಳು ಉಳಿಯುವುದಿಲ್ಲ, ಅದಕ್ಕೇ ವಿವರಣೆಯಲ್ಲಿ ‘ಪ್ಯಾನೆಲ್ ಬಿ 17, ಲೆಕ್ಕ ವಿಭಾಗ’ ಎಂದು ಬರೆಯಿರಿ. ಏನೂ ಬರೆದಿಲ್ಲವೆನ್ನಿ. ಮ್ಯಾಕ್ ವಿಳಾಸಗಳ ಪಟ್ಟಿ (ಯಾವ ಪೋರ್ಟಿನಲ್ಲಿ ಯಾವ ಯಂತ್ರವಿದೆ ಎಂಬ ಸ್ವಿಚ್ಚಿನ ದಾಖಲೆ) ನೋಡೋಣವೆಂದರೆ ಪೋರ್ಟ್ ಬಿದ್ದ ಕೂಡಲೇ ಅದರ ನಮೂದುಗಳು ಅಳಿದಿರುತ್ತವೆ. ಹಾಗಾಗಿ ಪೋರ್ಟ್‌ಗಳು ಚಾಲೂ ಇರುವಾಗಲೇ ಲ್ಯಾಪ್‌ಟಾಪನ್ನು ಒಂದೊಂದು ಗೋಡೆಯ ಸಾಕೆಟ್ಟಿಗೂ ಜೋಡಿಸಿ, ನೆಟ್‌ವರ್ಕಿನ ಸಂದೇಶಗಳನ್ನು ತೋರಿಸುವ ತಂತ್ರಾಂಶವಾದ ವೈರ್‌ಶಾರ್ಕ್‌ನಲ್ಲಿ ಎಲ್ಎಲ್‌ಡಿಪಿ ಸಂದೇಶಕ್ಕೆ ಕಾಯಿರಿ. ಸ್ವಿಚ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ತನ್ನ ಹೆಸರನ್ನೂ ಪೋರ್ಟನ್ನೂ ಅದರಲ್ಲಿ ಸಾರುತ್ತದೆ. ಸಿಸ್ಕೋದಲ್ಲಾದರೆ ಅದರದೇ ಅಂಥ ಸಂದೇಶ ಸಿಡಿಪಿ, 60 ಸೆಕೆಂಡಿಗೊಮ್ಮೆ. ಸಿಕ್ಕಿದ್ದನ್ನು ಆಗಲೇ ವಿವರಣೆಗೆ ಸೇರಿಸಿ.

ಪೋರ್ಟ್ ಸಿಕ್ಕ ಮೇಲೂ ಲಿಂಕ್ ಬರದಿದ್ದರೆ ಮೊದಲು ಕೇಬಲ್ ತುದಿಯ ಪಿನ್‌ಗಳಿಗೆ ಕಿಲುಬು ಹಿಡಿದಿದೆಯೇ ನೋಡಿ. ಕಡಲಂಚಿನ ಕಟ್ಟಡದಲ್ಲಿ ಸ್ವಿಚ್ಚಿಗಿಂತ ಅದರ ಮೇಲೆಯೇ ನನಗೆ ಹೆಚ್ಚು ಅನುಮಾನ.