ಟೌ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುವ ಕಿಣ್ವವನ್ನು ತಡೆದರೆ ಅಲ್ಜೈಮರ್ ನಿಲ್ಲುವುದೇ?

ತಮ್ಮ ತಾಯಿಯವರಿಗೆ ಅಲ್ಜೈಮರ್ ಕಾಯಿಲೆ ಇದೆಯೆಂದೂ, ಟೌ ಎಂಬ ಪ್ರೋಟೀನಿಗೆ ಫಾಸ್ಫೇಟ್ ಮಿತಿಮೀರಿ ಅಂಟಿಕೊಳ್ಳುವುದೇ ತೊಂದರೆಯಾದರೆ ಅದನ್ನು ಅಂಟಿಸುವ ಕಿಣ್ವವನ್ನೇ ಲಿಥಿಯಂನಂಥ ಔಷಧಿಯಿಂದ ಏಕೆ ತಡೆಯಬಾರದೆಂದೂ ತಾವು ಕೇಳಿದ್ದೀರಿ. ಇದೇ ಪ್ರೋಟೀನಿನ ಮೇಲೆ ಕೆಲವು ವರ್ಷ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಅನುಭವದಿಂದ ಉತ್ತರಿಸುತ್ತಿದ್ದೇನೆ. ತಮ್ಮ ಯೋಚನೆಯಲ್ಲಿ ತಪ್ಪಿಲ್ಲ. ಆದರೆ ಒಂದು ಕಿಣ್ವವನ್ನು ತಡೆದು ರೋಗಿಗಳಿಗೆ ಗುಣ ತೋರಿಸುವುದು ಈವರೆಗೆ ಸಾಧ್ಯವಾಗಿಲ್ಲ.

ನರಕೋಶದ ಉದ್ದನೆಯ ಎಳೆಯೊಳಗೆ ಸರಕು ಸಾಗುವ ಸೂಕ್ಷ್ಮನಾಳಿಕೆಗಳನ್ನು ಟೌ ಹಿಡಿದು ನಿಲ್ಲಿಸುತ್ತದೆ. ಫಾಸ್ಫೇಟ್ ಸೇರಿದರೆ ಆ ಹಿಡಿತ ಸಡಿಲವಾಗುತ್ತದೆ, ಕಳಚಿದರೆ ಬಿಗಿಯಾಗುತ್ತದೆ. ಆರೋಗ್ಯವಂತ ಮೆದುಳಿನಲ್ಲಿಯೂ ಇದು ಸದಾ ನಡೆಯುವ ಕೆಲಸ. ಅಲ್ಲಿ ಒಂದು ಟೌ ಅಣುವಿಗೆ ಸರಾಸರಿ 2-3 ಫಾಸ್ಫೇಟ್ ಇದ್ದರೆ ಅಲ್ಜೈಮರ್ ಮೆದುಳಿನಲ್ಲಿ ಅದರ 3-4 ಪಟ್ಟು ಇರುತ್ತದೆ. ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಲು ಜೆಲ್ ಎಂಬ ಮೆತ್ತನೆಯ ಹಾಳೆಯಲ್ಲಿ ವಿದ್ಯುತ್ ಹಾಯಿಸಿ ಓಡಿಸಿದಾಗ ಇಂಥ ಟೌನ ಪಟ್ಟಿ ಮೇಲ್ಗಡೆಯೇ ನಿಂತುಬಿಡುತ್ತದೆ. ಅದೇ ಮಾದರಿಗೆ ಫಾಸ್ಫೇಟ್ ಕಳಚುವ ಕಿಣ್ವ ಬೆರೆಸಿ ಮತ್ತೆ ಓಡಿಸಿದರೆ ಪಟ್ಟಿ ಕೆಳಗಿಳಿದು ಸಾಮಾನ್ಯ ಟೌನ ಸಾಲಿಗೆ ಬರುತ್ತದೆ. ಅದನ್ನು ಮೊದಲ ಬಾರಿ ಕಂಡ ದಿನ ಔಷಧಿ ಇನ್ನೇನು ಕೈಗೆ ಸಿಕ್ಕಿತೆಂದೇ ನನಗೂ ಅನ್ನಿಸಿತ್ತು.

ತೊಡಕಿರುವುದು ಇಲ್ಲಿ: 441 ಅಮೈನೋ ಆಮ್ಲಗಳ ಟೌನಲ್ಲಿ ಫಾಸ್ಫೇಟ್ ಅಂಟಬಲ್ಲ ಸುಮಾರು 85 ಜಾಗಗಳಿದ್ದು, ಅಂಟಿಸುವ ಕಿಣ್ವಗಳೂ ಹಲವು. ಅವುಗಳಲ್ಲಿ ಮುಖ್ಯವಾದ ಜಿಎಸ್‌ಕೆ-3 ಎಂಬುದು ಗ್ಲೈಕೋಜೆನ್ ತಯಾರಿಕೆ, ಇನ್ಸುಲಿನ್ ಸಂಕೇತ ಮುಂತಾಗಿ ದೇಹದ ಹತ್ತಾರು ಕೆಲಸಗಳಲ್ಲಿ ತೊಡಗಿರುವುದರಿಂದ ಅದನ್ನು ಪೂರಾ ಅದುಮಿಡುವಂತಿಲ್ಲ. ಅದನ್ನು ತಡೆಯುವ ಟೈಡೆಗ್ಲುಸಿಬ್ ಔಷಧಿಯನ್ನು 306 ರೋಗಿಗಳ ಮೇಲೆ 26 ವಾರ ಪರೀಕ್ಷಿಸಿದಾಗ ಪ್ರಯೋಜನ ಕಾಣಲಿಲ್ಲವೆಂದು 2015ರಲ್ಲಿ ವರದಿಯಾಯಿತು. ಲಿಥಿಯಂನ 10 ವಾರಗಳ ಪರೀಕ್ಷೆಯೊಂದು 2009ರಲ್ಲಿ ಇಂಥದೇ ಫಲಿತಾಂಶ ಕೊಟ್ಟಿತ್ತು. ಆ ಅವಧಿ ತೀರ ಕಡಿಮೆಯಾಯಿತೆಂಬುದು ನನ್ನ ಅಭಿಪ್ರಾಯ.

ಅಂಟಿಸುವ ಕಡೆಗಿಂತ ಕಳಚುವ ಕಡೆಗೆ ಹೆಚ್ಚು ಗಮನ ಬೇಕೆಂದು ನನಗೆ ತೋರುತ್ತದೆ, ಏಕೆಂದರೆ ಟೌನಿಂದ ಫಾಸ್ಫೇಟ್ ತೆಗೆಯುವ ಪಿಪಿ2ಎ ಕಿಣ್ವದ ಚಟುವಟಿಕೆ ಅಲ್ಜೈಮರ್ ಮೆದುಳಿನಲ್ಲಿ ತಗ್ಗಿರುತ್ತದೆ. ಚಳಿಗಾಲದ ದೀರ್ಘನಿದ್ದೆಗೆ ಜಾರುವ ಒಂದು ಜಾತಿಯ ನೆಲ ಅಳಿಲಿನ ಮೆದುಳಿನಲ್ಲಿಯೂ ಟೌಗೆ ಹೀಗೆಯೇ ಫಾಸ್ಫೇಟ್ ತುಂಬಿಕೊಳ್ಳುತ್ತದೆ. ಎಚ್ಚರವಾದಾಗ ಅದೆಲ್ಲ ಕಳಚಿಹೋಗುತ್ತದೆ. ಆ ಪುಟ್ಟ ಪ್ರಾಣಿಗೆ ಸಾಧ್ಯವಾಗುವುದು ನಮ್ಮ ಮುದಿ ನರಕೋಶಕ್ಕೆ ಏಕೆ ಆಗದೆಂಬ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಮರೆವು ಕಾಣಿಸಿಕೊಳ್ಳುವ ಹೊತ್ತಿಗೆ ಟೌ ಗಂಟುಕಟ್ಟಲು ತೊಡಗಿ ವರ್ಷಗಳೇ ಕಳೆದಿರುತ್ತವೆ. ಹಾಗೆ ಗಂಟಾದ ಮೇಲೆ ಫಾಸ್ಫೇಟ್ ತಡೆಯುವುದರಿಂದ ಸಿಗುವ ಲಾಭ ಕಡಿಮೆ. ಆದ್ದರಿಂದಲೇ 217ನೆಯ ಜಾಗದಲ್ಲಿ ಫಾಸ್ಫೇಟ್ ಹೊತ್ತ ಟೌ ಅನ್ನು ರಕ್ತದಲ್ಲಿ ಅಳೆದು ಕಾಯಿಲೆಯನ್ನು ಬೇಗ ಗುರುತಿಸುವ ಕೆಲಸಕ್ಕೆ ಈಗ ಇಷ್ಟು ಮಹತ್ವ ಬಂದಿದೆ.

ತಾಯಿಯವರಿಗೆ ಲಿಥಿಯಂ ಅನ್ನು ದಯವಿಟ್ಟು ತಾವಾಗಿಯೇ ಆರಂಭಿಸಬೇಡಿ. ಅದರ ಹಿತಕರ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಿರಿದು. ವಯಸ್ಸಾದವರಲ್ಲಿ ಮೂತ್ರಪಿಂಡ, ಥೈರಾಯ್ಡ್ ಎರಡಕ್ಕೂ ಅಪಾಯವಿದೆ. ಅವರನ್ನು ನೋಡುತ್ತಿರುವ ನರರೋಗ ತಜ್ಞರನ್ನು ಕೇಳಿಯೇ ಮುಂದುವರಿಯಿರಿ.